ಗಾಣಿಗನ ಅಂಗೈ

"ಗುರುಗಳೇ, ತೀರಿಕೊಂಡವರ ನೆನಪನ್ನು ಮನಸ್ಸಿನಿಂದ ಪೂರ್ತಿ ತೊಳೆದು ಹಾಕುವುದು ಹೇಗೆ?" ಎಂದು ಸಿದ್ದಮಲ್ಲ ಕೇಳಿದ. ತಂಗಿ ಸತ್ತ ಮೇಲೆ ಮಠಕ್ಕೆ ಬಂದವನು ಅವನು. ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಜೊತೆಯವರು ಮಾತನಾಡಿಸಿದರೆ ಎದ್ದು ಹೋಗುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಎತ್ತು ಹೊಡೆಯುವುದು ಅವನ ಕೆಲಸ, ಗಾಣಕ್ಕೆ ಎಳ್ಳು ತಳ್ಳುವುದು ಹೆಂಡತಿಯ ಕೆಲಸ. ಮಕ್ಕಳಿರಲಿಲ್ಲ. ಒಂದು ಚಳಿಗಾಲದಲ್ಲಿ ಹೆಂಡತಿ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡಿ ಬಂದವನು ಕದ ತೆರೆದ. ಮನೆಯೆಲ್ಲ ಎಳ್ಳೆಣ್ಣೆಯ ವಾಸನೆ. ಅವಳ ಸೀರೆಯ ವಾಸನೆ, ತಲೆಗೂದಲಿನ ವಾಸನೆ ಅದೇ ಆಗಿತ್ತು. ಅವನಿಗೆ ಒಳಗೆ ಕಾಲಿಡಲಾಗಲಿಲ್ಲ. ಅಂದು ಜಗಲಿಯ ಮೇಲೆಯೇ ಮಲಗಿದ.

ವಾಸನೆ ಹೋದರೆ ಸಂಕಟವೂ ಹೋದೀತು ಎಂದುಕೊಂಡ. ಗಾಣ ನಿಲ್ಲಿಸಿ ಎತ್ತನ್ನು ಪಕ್ಕದವರಿಗೆ ಸಾಕಲು ಕೊಟ್ಟ. ಹಾಸಿಗೆ ಬಟ್ಟೆಯನ್ನು ಒಗೆದ. ನೀರು ಜಿಡ್ಡಿನ ಮೇಲೆ ಜಾರಿ ಹೋಯಿತು. ಬೂದಿ ನೆನೆಸಿ ಬಸಿದ ನೀರಿನಲ್ಲಿ ಕುದಿಸಿದ. ಜಿಡ್ಡು ಬಿಟ್ಟಿತು. ಆಮೇಲೆ ಅದೇ ಬೂದಿನೀರಿನಲ್ಲಿ ಕೈ ಉಜ್ಜಿಕೊಳ್ಳತೊಡಗಿದ. ಬೆಳಿಗ್ಗೆ ಉಜ್ಜಿದ, ಸಂಜೆ ಉಜ್ಜಿದ. ಅಂಗೈ ಬಿಳುಚಿತು, ಒಣಗಿತು, ಕೊನೆಗೆ ಬಿರಿಯಿತು. ಅನ್ನ ಕಲಸಿದರೆ ಉಪ್ಪು ತಾಗಿ ಉರಿಯುತ್ತಿತ್ತು. ನೆರೆಯವರು ಕದ ತಟ್ಟಿದರೆ ತೆರೆಯುತ್ತಿರಲಿಲ್ಲ. ಬರಬರುತ್ತ ಅವರು ತಟ್ಟುವುದನ್ನೂ ಬಿಟ್ಟರು.

ಸುಗ್ಗಿ ಮುಗಿದ ಮೇಲೆ ಹೆಂಡತಿಯ ಅಕ್ಕ ಅವನನ್ನು ನೋಡಲು ಬಂದಳು. ಸೊಂಟದ ಮೇಲೆ ಮೊಮ್ಮಗಳಿದ್ದಳು. ಕದ ತೆರೆಯುವವರೆಗೂ ಆಕೆ ಹೊಸ್ತಿಲು ಬಿಟ್ಟು ಕದಲಲಿಲ್ಲ. ಒಳಗೆ ಬಂದು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಅವನು ಮಗುವಿನ ಬೆನ್ನು ಸವರಿದ. ಬಿರಿದ ಅಂಗೈ ಎಳೆಯ ಚರ್ಮವನ್ನು ಗೀರಿತು. ಮಗು ಚೀರಿ ಅಜ್ಜಿಯ ಕಡೆಗೆ ಕೈ ಚಾಚಿತು. ಗಾಣಿಗ ಎರಡೂ ಕೈಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡ. ಹೆಂಡತಿ ಹೋದ ಮೇಲೆ ಅವನು ಇನ್ನೊಂದು ಮನುಷ್ಯಜೀವವನ್ನು ಮುಟ್ಟಿದ್ದು ಅದೇ ಮೊದಲು.

ಆಕೆ ಅವನ ಅಂಗೈ ಬಿಡಿಸಿ ನೋಡಿದಳು. ಅಂಟುವಾಳದ ಕಾಯಿ ನೆನೆಸಿ ಕಿವುಚಿ ನೊರೆ ಎಬ್ಬಿಸಿದಳು. ಅವನ ಕೈ ಹಿಡಿದು ಮೆಲ್ಲಗೆ ಸವರುತ್ತ ಹೇಳಿದಳು:

"ನೀರಿಗೂ ಎಣ್ಣೆಗೂ ಆಗಿಬರುವುದಿಲ್ಲ, ತಮ್ಮಾ. ಈ ನೊರೆ ಒಂದು ಕೈಯಲ್ಲಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ಕೈಯಲ್ಲಿ ನೀರನ್ನು ಹಿಡಿಯುತ್ತದೆ. ನೀರು ಹರಿದಾಗ ಜಿಡ್ಡು, ಅದರಲ್ಲಿ ಸಿಕ್ಕಿದ ಕೊಳೆ ಎರಡೂ ಹಿಂದೆಯೇ ಹೋಗುತ್ತವೆ. ಆದರೆ ಹೊರಗಿನಿಂದ ಅಂಟಿದ್ದು ಯಾವುದು, ಮೈಯದೇ ಜಿಡ್ಡು ಯಾವುದು ಎಂದು ಅದಕ್ಕೆ ತಿಳಿಯದು. ಬೂದಿನೀರಿನಂಥ ಖಾರವಾದದ್ದನ್ನು ಹಾಕಿ ಉಜ್ಜುತ್ತಲೇ ಇದ್ದರೆ ಎಲ್ಲವನ್ನೂ ಒಯ್ಯುತ್ತದೆ. ಮೈಯ ಜಿಡ್ಡು ಹೋದರೆ ಚರ್ಮ ನಿಲ್ಲುವುದಿಲ್ಲ. ತೆಳು ನೊರೆ ಸಾಕು, ಬೇಗ ತೊಳೆದುಬಿಡಬೇಕು."

"ಅಷ್ಟಕ್ಕೆ ವಾಸನೆ ಹೋಗುವುದಿಲ್ಲವಲ್ಲ, ಅಕ್ಕಾ," ಎಂದ ಅವನು.

ಆಕೆ ಕೈ ತೊಳೆದು, ಒರೆಸಿ, ಅಂಗೈಗೆ ಎಳ್ಳೆಣ್ಣೆ ಹಚ್ಚಿದಳು. ಮನೆಯಲ್ಲಿ ಮತ್ತೆ ಆ ವಾಸನೆ ಹರಡಿತು. ಮಣ್ಣು ಮಾಡಿದ ದಿನವೂ ಅಳದವನು ಅಂದು ಅತ್ತ.

ಸಂಕಟ ಹೋಗಲಿಲ್ಲ. ಎತ್ತನ್ನು ಮನೆಗೆ ಹೊಡೆದುಕೊಂಡು ಬಂದ, ಗಾಣ ತಿರುಗಿತು. ಎಳ್ಳು ತಳ್ಳಲು ಯಾರೂ ಇರಲಿಲ್ಲ. ಆಗಾಗ ಎತ್ತು ನಿಲ್ಲಿಸಿ ತಾನೇ ತಳ್ಳುತ್ತಿದ್ದ. ಮರುವರ್ಷ ಅಕ್ಕ ಬಂದಾಗ ಮಗು ಅವನ ತೊಡೆಯ ಮೇಲೆಯೇ ನಿದ್ದೆ ಹೋಯಿತು. ಏಳುವವರೆಗೂ ಅವನು ಬೆನ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿದ್ದಮಲ್ಲ ತಲೆ ತಗ್ಗಿಸಿ ಕೇಳಿದ: "ಹಾಗಾದರೆ ನೆನಪನ್ನು ಎಷ್ಟು ಉಳಿಸಿಕೊಳ್ಳಬೇಕು?"

"ನೀನು ಮುಟ್ಟಿದವರಿಗೆ ನೋವಾಗದಷ್ಟು," ಎಂದರು ಗುರುಗಳು.