ಅರ್ಧ ಉಳಿಯುವ ಲೆಕ್ಕ

ಶಾಲೆಯ ಹಿಂದಿನ ಕಸದ ರಾಶಿಯಲ್ಲಿ ಹೆಗ್ಗಣರಾಯರ ಎಂಟು ಜನರ ಸಂಸಾರ ಸುಖವಾಗಿತ್ತು. ಆ ವರ್ಷ ಐದನೇ ತರಗತಿಯ ಮಕ್ಕಳು ಗಣಿತದ ಪಾಠಕ್ಕೆಂದು ಪ್ರತಿ ಶನಿವಾರ ಕಸ ತೂಗಿ, ಸಿಪ್ಪೆಯನ್ನು ಗೊಬ್ಬರದ ಗುಂಡಿಗೂ ಕಾಗದವನ್ನು ಗುಜರಿಗೂ ಕಳಿಸತೊಡಗಿದರು.

ಕಿಟಕಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಕಾಗೆ ಬಂದು ಹೇಳಿತು: "ರಾಯರೇ, ಕಸ ವಾರವಾರಕ್ಕೆ ಅರ್ಧವಾಗುತ್ತಿದೆ. ನಿಮ್ಮ ಸಂಸಾರ ತಿಂಗಳಿಗೆ ದುಪ್ಪಟ್ಟಾಗುತ್ತಿದೆ. ಬೇಗ ಬೇರೆ ಜಾಗ ನೋಡಿ."

"ನಿನಗೆ ಗಣಿತ ಬರುವುದಿಲ್ಲ," ಎಂದರು ರಾಯರು. "ಎಷ್ಟು ಸಲ ಅರ್ಧ ಮಾಡಿದರೂ ಸೊನ್ನೆಯಾಗುವುದಿಲ್ಲ. ಇನ್ನರ್ಧ ಉಳಿದೇ ಉಳಿಯುತ್ತದೆ."

"ಹೋಟೆಲಿನ ಹಿಂದೆ ಜಾಗ ಖಾಲಿ ಇದೆಯಂತೆ ರೀ, ಮಕ್ಕಳು ಹಸಿದಿವೆ," ಎಂದಳು ಹೆಂಡತಿ.

"ಗಣಿತವೇ ನಮ್ಮ ಕಡೆ ಇರುವಾಗ ಮನೆ ಬದಲಿಸುವುದೇ?" ಎಂದು ರಾಯರು ಮಗ್ಗುಲಾದರು.

ಎರಡು ತಿಂಗಳಾದ ಮೇಲೆ ಅಲ್ಲಿ ಮೂವತ್ತೆರಡು ಹೆಗ್ಗಣಗಳೂ ಒಂದು ಬಾಳೆಹಣ್ಣಿನ ಸಿಪ್ಪೆಯೂ ಉಳಿದವು.

"ನೋಡಿದೆಯಾ, ಸೊನ್ನೆಯಾಗಲಿಲ್ಲ!" ಎಂದು ರಾಯರು ಬೀಗಿದರು.

"ನೀವು ಹೇಳಿದ್ದು ಸರಿ," ಎಂದಳು ಹೆಂಡತಿ, ಮಕ್ಕಳನ್ನೆಲ್ಲ ಹೋಟೆಲಿನ ಕಡೆಗೆ ಹೊರಡಿಸುತ್ತಾ. "ಆ ಸಿಪ್ಪೆ ನಿಮಗೇ ಇರಲಿ. ಇವತ್ತು ಅರ್ಧ ತಿನ್ನಿ, ನಾಳೆ ಉಳಿದದ್ದರಲ್ಲಿ ಅರ್ಧ. ಆಯುಷ್ಯಪೂರ್ತಿ ಬರುತ್ತದೆ."