ಮಾಳಿಗನೊಬ್ಬನೇ ಸರಿಸಿದ ಅಗುಳಿ

ಹೊಳೆ ದಂಡೆಯಲ್ಲಿ ಒಂದು ಹಳೇ ಕೋಟೆ. ಕೋಟೆಯೊಳಗೆ ಸಣ್ಣ ಊರು, ಊರಿನ ತುದಿಯಲ್ಲಿ ಮಠ. ಮಠ ಎಂದರೆ ದೊಡ್ಡದೇನಲ್ಲ, ಎರಡು ಅಂಕಣದ ಮನೆ. ಅಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಊರವರ ಬಾಯಲ್ಲಿ ಅವರು ಅಪ್ಪಾರು.

ಅವರ ಹತ್ತಿರ ಕಾವ್ಯ ಓದುವುದನ್ನು ಕಲಿಯುತ್ತಿದ್ದವನು ಕಲ್ಲಿನಾಥ. ಒಳ್ಳೆಯ ಕಂಠ. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದು ಅಲ್ಲೇ.

ಆ ಊರಿಗೆ ತನ್ನದೇ ಒಂದು ಕಾವ್ಯವಿತ್ತು. ಎಂದೋ ಒಮ್ಮೆ ಶತ್ರುಗಳು ಮುತ್ತಿಗೆ ಹಾಕಿ ಕೋಟೆ ಗೆದ್ದ ಕಥೆ. ಬರೆದವರು ಅಪ್ಪಾರ ಗುರುಗಳು. ಕೋಟೆ ಬಿದ್ದ ದಿನ ವರ್ಷವರ್ಷವೂ ಅದನ್ನು ಚಾವಡಿಯಲ್ಲಿ ಓದಬೇಕು. ಯಾರ ಹಿರಿಯರ ಹೆಸರು ಬರುತ್ತದೋ ಆ ಮನೆಯವರು ಎದ್ದು ನಿಲ್ಲುತ್ತಿದ್ದರು. ಓದುವವನು ಅವರಿಗೆ ಎಲೆ ಅಡಿಕೆ ಕೊಡುತ್ತಿದ್ದ.

ಒಂದು ಮನೆಗೆ ಮಾತ್ರ ಬೇರೆ ಮರ್ಯಾದೆ. ಅದು ಕೋಟೆಯ ಬಾಗಿಲು ಕಾಯುತ್ತಿದ್ದ ಮಾಳಿಗನ ಮನೆ. ಶತ್ರುಗಳು ತೋರಿಸಿದ ಆಸೆಗೆ ಬಿದ್ದು ಬಾಗಿಲು ತೆಗೆದವನು ಅವನೇ ಎಂದು ಕಾವ್ಯ ಹೇಳುತ್ತಿತ್ತು. ಅವನ ವಂಶದವರೊಬ್ಬರು ಬಂದು ಚಾವಡಿಯ ಹೊಸ್ತಿಲಾಚೆ ಕೂರಬೇಕು. ಆ ಪದ್ಯ ಬಂದಾಗ ಊರೆಲ್ಲ ತಿರುಗಿ ಅವರ ಕಡೆ ಉಗುಳಬೇಕು. ಒಲ್ಲೆ ಎಂದವರು ಊರು ಬಿಡಬೇಕು.

ಆ ವರ್ಷ ಓದುವ ಪಾಳಿ ಮೊದಲ ಸಲ ಕಲ್ಲಿನಾಥನಿಗೆ ಬಂದಿತ್ತು.

ಓದಿನ ಹಿಂದಿನ ಸಂಜೆ ಸಾಂತವ್ವ ಮಠಕ್ಕೆ ಬಂದಳು. ಮಾಳಿಗನ ವಂಶದಲ್ಲಿ ಉಳಿದವರು ಅವಳು ಮತ್ತು ಅವಳ ಮಗಳು ಹೊನ್ನವ್ವ, ಇಬ್ಬರೇ. ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ನೆಟ್ಟಗೆ ನಿಂತು ಕೇಳಿದಳು.

"ಇಷ್ಟು ವರ್ಷ ನಾ ಕುಂತೇನ್ರಿ ಅಪ್ಪಾರ. ನನಗಿಂತ ಮೊದಲು ನಮ್ಮವ್ವ ಕುಂತಿದ್ದಳು. ಈಗ ಮಗಳು ದೊಡ್ಡಾಕಿ ಆದಳು, ಇನ್ನ ಆಕಿ ಪಾಳಿ ಅಂತಾರ. ಆಕಿನ್ನ ನಾ ಕುಂಡ್ರಸಂಗಿಲ್ರಿ. ಆ ಪದ್ಯ ಬಿಟ್ಟು ಓದಾಕ ಬರೂದಿಲ್ಲೇನ್ರಿ?"

ಅಪ್ಪಾರು ಬಾಯಿ ತೆಗೆಯುವ ಮೊದಲೇ ಕಲ್ಲಿನಾಥ ಉತ್ತರ ಕೊಟ್ಟುಬಿಟ್ಟ. ಗುರುಗಳ ಗುರುಗಳು ಬರೆದದ್ದು, ಒಂದಕ್ಷರ ಮುಟ್ಟುವ ಹಾಗಿಲ್ಲ ಎಂದ. ಇಡೀ ಕಾವ್ಯದಲ್ಲಿ ಅದರಷ್ಟು ಚೆಂದದ ಪದ್ಯ ಇನ್ನೊಂದಿಲ್ಲ ಎಂದೂ ಸೇರಿಸಿದ. ಅಷ್ಟಕ್ಕೇ ಸುಮ್ಮನಾಗದೆ, ಅವಳೆದುರೇ ರಾಗವೆತ್ತಿ ಹಾಡಿ ತೋರಿಸಿದ.

"ಬೆಳಕು ಹರಿಯದ ಹೊತ್ತಿನೊಳು ಮಾಳಿಗನೊಬ್ಬನೇ ಅಗುಳಿಯ ಸರಿಸಿದನು."

ಅದೇ ಹೊತ್ತಿಗೆ ಕೋಟೆ ಬಾಗಿಲ ಕಡೆಯಿಂದ "ಹೈಸಾ, ಹೈಸಾ" ಎಂಬ ಕೂಗು ಕೇಳಿಬಂತು. ಓದಿನ ಹಿಂದಿನ ಸಂಜೆ ಬಾಗಿಲು ಮುಚ್ಚುವುದು ಊರಿನ ಪದ್ಧತಿ. ಗೋಡೆಯ ಗೂಡಿನೊಳಗಿಂದ ಮರದ ಅಗುಳಿಯನ್ನು ಎಳೆದು ಬಾಗಿಲಿಗೆ ಅಡ್ಡ ಕೂರಿಸುತ್ತಿದ್ದರು.

ಅಪ್ಪಾರು ತಲೆ ಎತ್ತಿ ಕೂಗನ್ನು ಕೇಳಿದರು. ಕಲ್ಲಿನಾಥನ ಮುಖ ನೋಡಿದರು. ಆಮೇಲೆ ಸಾಂತವ್ವನಿಗೆ, ನಾಳೆ ಮಗಳನ್ನು ಕರೆದುಕೊಂಡೇ ಬಾ ಎಂದರು. ಅವಳ ಮುಖ ಸಪ್ಪೆಯಾಯಿತು. ಹೊರಟುಹೋದಳು.

ಬೆಳಗಿನ ಜಾವ ಗುರುಗಳು ಶಿಷ್ಯನನ್ನು ಎಬ್ಬಿಸಿದರು. ಎಲೆ ಅಡಿಕೆಯ ತಟ್ಟೆಗೆ ಎಲೆ ಸಾಲದು, ಹೊಳೆಯಾಚೆಯ ತೋಟದಿಂದ ತರಬೇಕು ಎಂದರು. ಕೋಟೆ ಬಾಗಿಲನ್ನು ನೀನೊಬ್ಬನೇ ತೆರೆದು ಹೋಗು, ಮಲಗಿದವರ ನಿದ್ದೆ ಕೆಡಿಸಬೇಡ ಎಂದರು.

ಕಲ್ಲಿನಾಥ ಹೋದ. ಬಹಳ ಹೊತ್ತಾದ ಮೇಲೆ ಬರಿಗೈಯಲ್ಲಿ ಬಂದ. ಅಂಗೈ ಕೆಂಪಾಗಿತ್ತು, ಭುಜದ ಹತ್ತಿರ ಅಂಗಿ ಹರಿದಿತ್ತು.

"ಎಲೆ ಎಲ್ಲಿ?"

"ಅಗುಳಿ ಸರಿಯವಲ್ದುರಿ ಅಪ್ಪಾರ. ಒಬ್ಬನ ಕೈಲೆ ಆಗಂಗಿಲ್ರಿ."

"ಏನಂದಿ?"

"ಒಬ್ಬನ ಕೈಲೆ ಆಗಂಗಿಲ್ರಿ."

"ಅದನ್ನ ಹಾಡಿ ಹೇಳು."

ಹಾಡಲು ಬಾಯಿ ತೆರೆದ ಕಲ್ಲಿನಾಥ ಹಾಗೆಯೇ ನಿಂತುಬಿಟ್ಟ. ನಿನ್ನೆ ಸಾಂತವ್ವನೆದುರು ಹಾಡಿದ್ದೇನು ಎಂಬುದು ಆಗ ಅವನ ತಲೆಗೆ ಹೊಕ್ಕಿತು.

ಇಷ್ಟು ವರ್ಷ ಓದಿದ್ದೀರಿ, ನಿಮಗೆ ಹೊಳೆಯಲಿಲ್ಲವೇ ಎಂದು ಮೆಲ್ಲಗೆ ಕೇಳಿದ.

"ಹೈಸಾ ಅನ್ನೂದು ಒಂದು ದಿನ ಕೇಳತಿದ್ದೆ, ಕಾವ್ಯ ಮರುದಿನ ಓದತಿದ್ದೆ," ಎಂದರು ಅಪ್ಪಾರು. "ನಿನ್ನೆ ನೀ ಶಾಣ್ಯಾತನ ತೋರಿಸಾಕ ಹೋದಿ ನೋಡು, ಎರಡೂ ಒಮ್ಮೆಲೇ ಕಿವಿಗೆ ಬಿದ್ದುವು."

ಹಾಗಾದರೆ ಚಾವಡಿಯಲ್ಲಿ ತಾವೇ ಹೇಳಿಬಿಡಿ ಎಂದು ಶಿಷ್ಯ ಬೇಡಿಕೊಂಡ. ಓದುವವನು ನೀನು ಎಂದು ಹೇಳಿ ಗುರುಗಳು ಸ್ನಾನಕ್ಕೆ ಹೋದರು.

ಚಾವಡಿ ತುಂಬಿತ್ತು. ಹೊನ್ನವ್ವ ಹೊಸ್ತಿಲಾಚೆ ಕೂತಿದ್ದಳು. ಮೊದಲ ಸಲವಾದ್ದರಿಂದ ಮುಖ ಯಾವ ಕಡೆ ತಿರುಗಿಸಬೇಕೆಂದೇ ಅವಳಿಗೆ ತಿಳಿದಿರಲಿಲ್ಲ. ಸಾಂತವ್ವ ಹಿಂದೆ ಕಂಬಕ್ಕೊರಗಿ ನಿಂತಿದ್ದಳು.

ಕಲ್ಲಿನಾಥ ಓದುತ್ತ ಹೋದ. ಹೆಸರುಗಳು ಬಂದವು, ಮನೆಯವರು ಎದ್ದರು, ಎಲೆ ಅಡಿಕೆ ಪಡೆದು ಮೀಸೆ ತಿರುವುತ್ತ ಕೂತರು. ಕಡೆಗೆ ಆ ಪದ್ಯ ಬಂತು. ಊರೆಲ್ಲ ಹೊಸ್ತಿಲ ಕಡೆ ತಿರುಗಿತು.

ಕಲ್ಲಿನಾಥ ಅದೇ ರಾಗದಲ್ಲಿ ಹಾಡಿದ.

"ಒಬ್ಬನ ಕೈಲೆ ಆಗಂಗಿಲ್ಲ."

ಹುಡುಗ ಪದ್ಯ ಮರೆತ ಎಂದುಕೊಂಡು ಯಾರೋ ನಕ್ಕರು. ಅವನು ಮತ್ತೆ ಅದನ್ನೇ ಹಾಡಿದ. ಊರಗೌಡರಿಗೆ ಸಿಟ್ಟು ಬಂತು. ಹಿರಿಯರಿಗಿಂತ ನೀನು ಶಾಣ್ಯಾನೇ ಎಂದು ಕೇಳಿದರು. ಅಪ್ಪಾರ ಕಡೆ ನೋಡಿದರು. ಅಪ್ಪಾರು ಮಾಡಿನ ತೊಲೆ ನೋಡುತ್ತ ಕೂತಿದ್ದರು.

ಕಲ್ಲಿನಾಥ ಗೌಡರ ಕಡೆ ತಿರುಗಿದ.

"ಬಾಗಿಲು ಇನ್ನೂ ಮುಚ್ಚೇತ್ರಿ ಗೌಡರ. ಅಗುಳಿ ಒಬ್ಬರೇ ಸರಿಸಿ ತೋರಿಸ್ರಿ. ಸರಿಸಿದರ ಈ ಹೊಸ್ತಿಲದಾಗ ನಾ ಕುಂಡ್ರತೇನಿ. ವರ್ಷಾ ವರ್ಷಾ ಕುಂಡ್ರತೇನಿ, ನನಗ ಉಗುಳ್ರಿ."

ಊರಿಗೆ ಊರೇ ಕೋಟೆ ಬಾಗಿಲಿಗೆ ಬಂತು.

ಮೊದಲು ಪೈಲವಾನ ಧರೆಪ್ಪ ಕೈ ಹಚ್ಚಿದ. ನಾಕು ಮಂದಿಯ ಊಟ ಒಬ್ಬನೇ ಉಣ್ಣುವ ಆಳು. ಕೊರಳಿನ ನರ ಉಬ್ಬಿದವು, ಅಗುಳಿ ಮಿಸುಕಲಿಲ್ಲ. ಅವನ ನಂತರ ಇನ್ನಿಬ್ಬರು ಬಂದು ಹೋದರು. ಕಡೆಗೆ ಗೌಡರೇ ರುಮಾಲು ತೆಗೆದಿಟ್ಟು ಮುಂದೆ ಬಂದರು. ಬಹಳ ಹೊತ್ತು ಒದ್ದಾಡಿದರು. ಯಾರೂ ನಗಲಿಲ್ಲ. ಕೈ ಬಿಟ್ಟಾಗ ಅವರಿಗೆ ಏದುಸಿರು.

ನಿನ್ನೆ ಸಂಜೆ ಇದೇ ಜನ ಸಾಲಾಗಿ ನಿಂತು ಇದೇ ಮರವನ್ನು ಎಳೆದಿದ್ದರು. ಅವರ ಅಪ್ಪಂದಿರೂ ಎಳೆದಿದ್ದರು. ಎಳೆದು, ಕೈ ತಿಕ್ಕಿಕೊಂಡು, ಮರುದಿನ ಚಾವಡಿಗೆ ಹೋಗಿ ಉಗುಳಿ ಬಂದಿದ್ದರು.

"ಎಲ್ಲಾರೂ ಬರ್ರಿ," ಎಂದರು ಗೌಡರು. ಅವರ ದನಿ ಇಳಿದಿತ್ತು.

ಎಲ್ಲರೂ ಬಂದರು. ಹೈಸಾ ಎನ್ನುವ ಹೊತ್ತಿಗೆ ಹೊನ್ನವ್ವ ಜನರ ನಡುವೆ ನುಗ್ಗಿ ಬಂದು ತಾನೂ ಕೈ ಹಚ್ಚಿದಳು. ಆಚೆ ಸರಿ ಎಂದು ಅವಳಿಗೆ ಹೇಳುವ ಬಾಯಿ ಅಲ್ಲಿ ಯಾರಿಗೂ ಇರಲಿಲ್ಲ. ಅಗುಳಿ ಗೂಡಿನೊಳಗೆ ಸರಿಯಿತು. ಬಾಗಿಲು ತೆರೆಯಿತು, ಹೊಳೆಯ ಗಾಳಿ ಒಳಗೆ ಬಂತು.

ತಿರುಗಿ ಚಾವಡಿಗೆ ಬಂದಾಗ ಹೊನ್ನವ್ವ ಹೊಸ್ತಿಲ ಹತ್ತಿರ ನಿಲ್ಲಲಿಲ್ಲ. ನೇರ ಒಳಗೆ ನಡೆದು ಮುಂದಿನ ಸಾಲಿನಲ್ಲಿ ಕೂತಳು. ಅಲ್ಲಿ ಕೂತಿದ್ದವರು ಸರಿದು ಜಾಗ ಕೊಟ್ಟರು.

ಕಲ್ಲಿನಾಥ ಓದಿನ ಮಣೆಯ ಮೇಲೆ ಕೂತು, ಮೊದಲ ಸಲ ಆ ಹೆಸರನ್ನು ಮರ್ಯಾದೆಯಿಂದ ಕರೆದ.

"ಬಾಗಿಲ ಕಾವಲಿನ ಮಾಳಿಗಪ್ಪನವರ ಮನೆಯವರು ಯಾರು?"

ಹೊನ್ನವ್ವ ಎದ್ದು ನಿಂತಳು. ಅವನು ಎರಡೂ ಕೈಯಿಂದ ಎಲೆ ಅಡಿಕೆ ಕೊಟ್ಟ. ಕಂಬಕ್ಕೊರಗಿದ್ದ ಸಾಂತವ್ವ ಅಷ್ಟು ವರ್ಷ ತಡೆದದ್ದನ್ನೆಲ್ಲ ಆಗ ಅತ್ತಳು. ಧರೆಪ್ಪ ಅಭ್ಯಾಸಬಲದಿಂದ ಹೈಸಾ ಎಂದ. ಊರೆಲ್ಲ ನಕ್ಕಿತು, ಊರೆಲ್ಲ ಹೈಸಾ ಎಂದಿತು. ಆ ಚಾವಡಿಯಲ್ಲಿ ಅಂಥ ಖುಷಿಯನ್ನು ಯಾರೂ ಕಂಡಿರಲಿಲ್ಲ.

ಸಂಜೆ ಗೌಡರು ಮಠಕ್ಕೆ ಬಂದರು. ಮಾಳಿಗನೊಬ್ಬನೇ ತೆಗೆಯಲಿಲ್ಲ ಎಂದಾಯಿತು, ಹಾಗಾದರೆ ತೆಗೆದವರು ಯಾರು? ಅವರ ಹೆಸರು ಹುಡುಕಿಸಿ ಬರೆಸಿರಿ, ಬರುವ ವರ್ಷ ಅವರ ಮನೆಯವರನ್ನು ಹೊಸ್ತಿಲಲ್ಲಿ ಕೂರಿಸೋಣ ಎಂದು ಹೇಳಿ ಹೋದರು.

ಕಲ್ಲಿನಾಥ ಓಲೆ ಮತ್ತು ಬರೆಯುವ ಕಂಟ ಹಿಡಿದು ಗುರುಗಳ ಮುಂದೆ ಕೂತ. ಹಳೆಯ ಪದ್ಯ ಹೊಡೆದುಹಾಕಿದ್ದ. ಆ ಜಾಗ ಖಾಲಿ ಇತ್ತು.

"ಬಾಗಿಲು ಯಾರು ತೆಗೆದರು ಅಂತ ಬರೀಲ್ರಿ ಅಪ್ಪಾರ?"

"‘ಗೊತ್ತಿಲ್ಲ’ ಅಂತ ಬರಿ. ಇಷ್ಟು ದೊಡ್ಡ ಕಾವ್ಯದಾಗ ಒಂದಾದರೂ ಖರೇ ಮಾತಿರಲಿ."