ಮೂರನೆಯ ಸಾಲಿನ ಕುರ್ಚಿ

ನದಿಯ ದಡದಲ್ಲಿ ಸಿದ್ಧಮ್ಮನ ಆಶ್ರಮ. ಅಲ್ಲಿದ್ದ ಶಿಷ್ಯರಲ್ಲಿ ಚಂದ್ರಮೌಳಿಯೇ ಹಿರಿಯ. ಮೇಷ್ಟ್ರಾಗಿದ್ದವನು, ಹೆಂಡತಿ ತೀರಿಕೊಂಡ ಮೇಲೆ ಬಂದು ಸೇರಿದ್ದ. ಆರು ವರ್ಷದಲ್ಲಿ ಅವನ ಬಾಯಿಂದ ಮನೆಯ ಮಾತು ಒಮ್ಮೆಯೂ ಹೊರಟಿರಲಿಲ್ಲ. ಅದನ್ನು ಅವನು ವೈರಾಗ್ಯ ಎಂದುಕೊಂಡಿದ್ದ.

ಒಂದು ದಿನ ಅವನ ಹೆಸರಿಗೆ ಲಕೋಟೆ ಬಂತು. ಅದನ್ನು ಹಿಡಿದುಕೊಂಡು ಗುರುವಿನ ಮುಂದೆ ಬಂದು ನಿಂತ.

"ನನ್ನ ಮಗಳು ಶರ್ವಾಣಿ ಕಳಿಸಿದ್ದಾಳೆ, ಅಮ್ಮಾ. ಬ್ಯಾಲೆ ಮಾಡುತ್ತಾಳಂತೆ. ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುವ ಪರದೇಶದ ನೃತ್ಯ. ಅವಳ ತಂಡ ನಗರಕ್ಕೆ ಬರುತ್ತಿದೆ. ಟಿಕೆಟ್ ಇಟ್ಟಿದ್ದಾಳೆ."

"ನಿನಗೆ ಮಗಳಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ."

"ಕುಣಿತ ಬೇಕಾದರೆ ಈ ಮನೆ ಬೇಡ ಎಂದಿದ್ದೆ. ಹದಿನೆಂಟು ವರ್ಷವಾಯಿತು. ಚಿಕ್ಕಮ್ಮನ ಮನೆಗೆ ಹೋದಳು. ಅಲ್ಲಿಂದ ದೇಶವನ್ನೇ ಬಿಟ್ಟಳು."

"ಹೋಗಿ ಬಾ," ಎಂದಳು ಸಿದ್ಧಮ್ಮ. "ಕಂಡದ್ದನ್ನು ಬಂದು ಹೇಳು."

ಎರಡು ದಿನ ಬಿಟ್ಟು ಚಂದ್ರಮೌಳಿ ಮರಳಿ ಬಂದಾಗ ಅವಳು ನದಿಯ ಮೆಟ್ಟಿಲ ಮೇಲೆ ಕೂತು ಸೊಪ್ಪು ತೊಳೆಯುತ್ತಿದ್ದಳು.

"ಏನು ಕಂಡೆ?"

"ಒಳ್ಳೆಯ ಕಸರತ್ತು. ಬೆಳಕು, ವಾದ್ಯ, ಬಿಳಿ ಬಟ್ಟೆ. ಕಡಲಿಗೆ ಹೋದವನೊಬ್ಬನನ್ನು ಒಬ್ಬಳು ಕಾಯುತ್ತಾಳೆ, ಅಷ್ಟೇ ಕಥೆ. ಮಾತಿಲ್ಲ, ಹಾಡಿಲ್ಲ. ಎರಡು ಗಂಟೆ ಬರೀ ಕಾಯುವುದು. ಕಾಯುವವಳು ನಮ್ಮ ಶರ್ವಾಣಿ." ಚಂದ್ರಮೌಳಿ ತುಟಿ ಕೊಂಕಿಸಿದ. "ಬೆರಳ ಮೇಲೆ ನಿಲ್ಲುವುದೇನು ದೊಡ್ಡ ವಿದ್ಯೆ!"

"ಹಾಗಾದರೆ ನಿಂತು ತೋರಿಸು."

ಅವನು ಪಂಚೆ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು ಹಿಮ್ಮಡಿ ಎತ್ತಿದ. ಎರಡು ಎಣಿಸುವಷ್ಟರಲ್ಲಿ ಮುಗ್ಗರಿಸಿದ. ಮಂಡಿ ಮೆಟ್ಟಿಲಿಗೆ ಬಡಿದು ರಕ್ತ ಬಂತು. ಸಿದ್ಧಮ್ಮ ಕೈ ಕೊಡಲಿಲ್ಲ.

"ಅವಳು ಎಷ್ಟು ಹೊತ್ತು ನಿಂತಳು?"

"ಹದಿನೇಳರವರೆಗೆ ಎಣಿಸಿದೆ. ಆಮೇಲೆ ಎಣಿಕೆ ತಪ್ಪಿತು."

"ಯಾಕೆ ತಪ್ಪಿತು?"

ಅವನು ನದಿಯ ಕಡೆ ಮುಖ ತಿರುಗಿಸಿದ. "ಅವಳು ತೋಳು ಚಾಚಿದಳು. ಮೊಣಕೈ ಥೇಟ್ ಅವಳ ತಾಯಿಯದೇ. ನನ್ನ ಕಣ್ಣು ಮಂಜಾಯಿತು."

"ಮುಗಿದ ಮೇಲೆ?"

"ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಅವಳು ವೇದಿಕೆಯ ಅಂಚಿಗೆ ಬಂದಳು. ಬೆಳಕಿಗೆ ಕೈ ಅಡ್ಡ ಹಿಡಿದು ಮೂರನೆಯ ಸಾಲಿನ ಕಡೆ ನೋಡಿದಳು. ಬಗ್ಗಿ ನಮಸ್ಕಾರ ಮಾಡಿದಳು. ಮತ್ತೆ ಅಲ್ಲಿಗೇ ನೋಡಿದಳು."

"ಅಲ್ಲಿ ಯಾರಿದ್ದರು?"

"ಯಾರೂ ಇರಲಿಲ್ಲ. ಅಷ್ಟು ಜನರ ನಡುವೆ ಆ ಒಂದು ಕುರ್ಚಿ ಖಾಲಿ." ಅವನ ದನಿ ತಗ್ಗಿತು. "ಅವಳು ನನಗೆ ಕಳಿಸಿದ ಟಿಕೆಟ್ ಅದರದು. ನಾನು ಬೇರೆ ಟಿಕೆಟ್ ಕೊಂಡು ಹಿಂದೆ, ಕಂಬದ ಮರೆಯಲ್ಲಿ ಕೂತಿದ್ದೆ. ಸಭಾಂಗಣದ ದೀಪ ಹತ್ತುವ ಮೊದಲೇ ಎದ್ದು ಬಂದುಬಿಟ್ಟೆ."

"ಯಾಕಪ್ಪಾ?"

"ಮೋಹ ಮತ್ತೆ ಅಂಟಿಕೊಂಡೀತು ಅಂತ, ಅಮ್ಮಾ. ಆರು ವರ್ಷದ ವೈರಾಗ್ಯ..."

"ವೈರಾಗ್ಯ ಇದ್ದವನು ಮೂರನೆಯ ಸಾಲಿನಲ್ಲೇ ಕೂತಿರುತ್ತಿದ್ದ."

ಚಂದ್ರಮೌಳಿ ಮೆಟ್ಟಿಲ ಮೇಲೆ ಕೂತ. ಸಿದ್ಧಮ್ಮ ಸೊಪ್ಪು ಕೊಡವಿ ಬುಟ್ಟಿಗೆ ಹಾಕಿದಳು.

"ತಂಡ ಈಗೆಲ್ಲಿದೆ?"

"ನಿನ್ನೆಯೇ ವಿಮಾನ ಹತ್ತಿತಂತೆ. ಇನ್ನು ಕರೆಯುವುದಿಲ್ಲ ಅವಳು, ನನಗೆ ಗೊತ್ತು. ಮೊದಲೆಲ್ಲ ಮನೆಯ ವಿಳಾಸಕ್ಕೆ ಕಾಗದ ಬರೆಯುತ್ತಿದ್ದಳು. ಒಂದಕ್ಕೂ ನಾನು ಉತ್ತರ ಬರೆಯಲಿಲ್ಲ. ತಾಯಿ ಹೋದದ್ದನ್ನೂ ತಿಳಿಸಲಿಲ್ಲ. ಅದೂ ಈ ಆಶ್ರಮದ ವಿಳಾಸವೂ ಯಾರೋ ಹೇಳಿ ಅವಳಿಗೆ ಗೊತ್ತಾಯಿತು."

ಅವನು ಬಗ್ಗಿ ಗುರುವಿನ ಕಾಲು ಹಿಡಿದುಕೊಂಡ.

"ತಪ್ಪಾಯಿತು, ಅಮ್ಮಾ. ಏನಾದರೂ ಪ್ರಾಯಶ್ಚಿತ್ತ ಹೇಳಿ. ಒಂದು ವರ್ಷ ಮೌನವ್ರತ ಹಿಡಿಯಲೇ?"

ಸಿದ್ಧಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಹದಿನೆಂಟು ವರ್ಷ ಹಿಡಿದದ್ದು ಸಾಲದೇ?"